ಒಂದೇ ಸ್ಥಾನಕ್ಕೆ ಇಬ್ಬರು ವಿಜೇತರು

"ಅಮ್ಮಾರೆ, ನಮ್ಮೂರಾಗೆ ಗೆದ್ದೋರು ಯಾರು ಅಂತ ಪೇಪರ್‌ನಾಗೆ ನೋಡಿ ಹೇಳ್ರಿ. ಓಣಿ ನಲ್ಲಿಗೆ ನೀರೇ ಇಲ್ಲ, ಯಾರನ್ನ ಕೇಳ್ಲಿ?" ಹರಿಹರದ ಕಡೆಯ ಹಳ್ಳಿಯಿಂದ ನಮ್ಮ ಪಿ.ಜೆ. ಬಡಾವಣೆಗೆ ಬೆಣ್ಣೆ ತರುವ ಗಂಗಕ್ಕ ಬಾಗಿಲಲ್ಲೇ ಕೇಳಿದಳು.

ಪುಟದ ಎಡಕ್ಕೊಬ್ಬರು, ಬಲಕ್ಕೊಬ್ಬರು ಹಾರ ಹಾಕಿಕೊಂಡು, ಗೆಲ್ಲಿಸಿದ ಮತದಾರರಿಗೆ ಕೈಮುಗಿದಿದ್ದರು. ಪಂಚಾಯಿತಿಯ ಒಂದೇ ಸ್ಥಾನಕ್ಕೆ! ಸುದ್ದಿ ಮಾತ್ರ ಒಂದು ಸಾಲೂ ಇರಲಿಲ್ಲ.

ಪತ್ರಿಕೆಯ ಕಚೇರಿಗೆ ಫೋನ್ ಮಾಡಿದೆ. "ಇಬ್ರೂ ಜಾಹೀರಾತು ಕೊಟ್ಟಾರ್ರೀ ಮೇಡಂ," ಎಂದರು ಬಹಳ ವಿನಯದಿಂದ, "ನಾವು ಯಾರನ್ನ ಸೋಲಿಸಾನ?"

ಗಂಗಕ್ಕ ಇಬ್ಬರ ಮನೆಗೂ ಹೋದಳಂತೆ. "ಗೆದ್ದೋರು ಯಾರು ಅನ್ನೋ ಕೇಸು ಕೋರ್ಟಿನಾಗೈತೆ, ತೀರ್ಪು ಬರೋತನಕ ಏನೂ ಮಾಡಂಗಿಲ್ಲ" ಎಂದು ಇಬ್ಬರೂ ವಾಪಸ್ ಕಳಿಸಿದರಂತೆ. ಕೋರ್ಟಿನ ಸುದ್ದಿ ನನಗೆ ತಿಳಿದದ್ದೇ ಹೀಗೆ. ಅವಳ ಓಣಿಗೆ ನೀರು ಇನ್ನೂ ಬಂದಿಲ್ಲ. ಪತ್ರಿಕೆ ಮಾತ್ರ ನಮ್ಮ ಮನೆಗೆ ದಿನವೂ ತಪ್ಪದೆ ಬರುತ್ತಿದೆ.