ಹಾಲುಗುಡ್ಡದ ಹಟ್ಟಿಯ ನೀರು ಮತ್ತು ಉಷಾರಾಣಿ ಮೇಡಂ

ಚಿತ್ರದುರ್ಗ ಸೀಮೆಯಲ್ಲಿ ಕೆರೆಯೋ ಅಣೆಕಟ್ಟೋ ಕಟ್ಟುವ ಮಾತು ಬಂದಾಗಲೆಲ್ಲ, ಅಡಿಪಾಯ ತೋಡುವ ಮೊದಲು ಯಾರನ್ನು ಕರೆಸಬೇಕೆಂದು ಕೇಳಿದರೆ, ಮೂರು ದಶಕಗಳಿಂದ ಎಲ್ಲರ ಬಾಯಲ್ಲೂ ಬರುತ್ತಿದ್ದ ಹೆಸರು ಭೂವಿಜ್ಞಾನಿ ಶ್ರೀಮತಿ ಉಷಾರಾಣಿಯವರದು. ನೆಲದಡಿಯ ಮಣ್ಣು, ಬಂಡೆ, ಅಂತರ್ಜಲಗಳ ಸ್ಥಿತಿಯನ್ನು ಅರಿತು, ಇಲ್ಲಿ ನೀರು ನಿಂತೀತು, ಅಲ್ಲಿ ನಿಲ್ಲದು ಎಂದು ಹೇಳುವುದು ಅವರ ಉದ್ಯೋಗ. ಅವರು ಆಗಬಹುದೆಂದ ಕಡೆ ಶಂಕುಸ್ಥಾಪನೆಗೆ ಅವರನ್ನು ಕರೆಯಲು ಎಲ್ಲರೂ ಮರೆತರು. ಆಗದೆಂದ ಕಡೆ ಬೈಯಲು ಮಾತ್ರ ಯಾರೂ ಮರೆಯಲಿಲ್ಲ. ಅಂಥವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಬಿರುದುಗಳನ್ನು ಪೋಣಿಸುವ ಕೆಲಸವನ್ನು ಈ ಅಭಿನಂದನಾ ಸಂಪುಟದ ಉಳಿದ ಲೇಖಕರಿಗೆ ಬಿಟ್ಟು, ಅವರೊಡನೆ ದುಡಿದ ನಾವು ಅವರ ಒಂದು ದುಃಖವನ್ನೇ ನೆನೆಯಬೇಕೆಂದುಕೊಂಡಿದ್ದೇವೆ.

ಹೊಸದುರ್ಗದ ಮೇಷ್ಟ್ರ ಮನೆಯಲ್ಲಿ ಹುಟ್ಟಿದ ಉಷಾರಾಣಿಯವರು ಮೊದಲು ಸೇವೆಗೆ ಸೇರಿದ್ದು ಹೊಳಲ್ಕೆರೆಯಲ್ಲಿ. ಹೊರಕೆರೆದೇವಪುರದ ಬಳಿ ನೆಲ ಕೊರೆಯುತ್ತಿದ್ದಾಗ ಯಂತ್ರ ನಡೆಸುವ ಖಲೀಲುಲ್ಲಾ ಸಾಹೇಬರ ಕೈ ಸರಪಳಿಗೆ ಸಿಕ್ಕಿತು. ಚಾಲಕ ಊಟಕ್ಕೆ ಹೋಗಿದ್ದ. ಜೀಪು ಓಡಿಸಲು ಸರಿಯಾಗಿ ಬಾರದ ಮೇಡಂ ತಾವೇ ಚಕ್ರ ಹಿಡಿದು, ಆಸ್ಪತ್ರೆಯ ಗೇಟಿನ ಕಂಬಕ್ಕೊಂದು ಗುದ್ದು ಕೊಟ್ಟು, ಅಂತೂ ಒಳಗೆ ಮುಟ್ಟಿಸಿದರು. “ಕೈ ಉಳೀತು, ಜೀವ ಮಾತ್ರ ದಾರೀಲೇ ಹೋಗಿತ್ತು ಮೇಡಂ” ಎಂದು ಸಾಹೇಬರು ಇಂದಿಗೂ ಛೇಡಿಸುತ್ತಾರೆ.

ಹನ್ನೊಂದು ವರ್ಷಗಳ ಹಿಂದೆ ಹಿರಿಯೂರು ತಾಲ್ಲೂಕಿನ ಧರ್ಮಪುರದಾಚೆ, ಹಾಲುಗುಡ್ಡದ ಹಟ್ಟಿಯ ಹಳ್ಳಕ್ಕೆ ಅಣೆಕಟ್ಟಿನ ಪ್ರಸ್ತಾವ ಬಂತು. ಹಟ್ಟಿಯವರು ಕುರಿ ಸಾಕುವವರು. ಬೇಸಿಗೆ ಬಂತೆಂದರೆ ಹಿಂಡು ಹೊಡೆದುಕೊಂಡು ನೀರಿದ್ದ ಊರುಗಳಿಗೆ ವಲಸೆ ಹೋಗುವವರು. ಹಿರಿಯಳಾದ ಪಾಲಮ್ಮನಿಗೆ ಇದ್ದುದು ಒಂದೇ ಆಸೆ, ತಾನು ಕಣ್ಣು ಮುಚ್ಚುವುದರೊಳಗೆ ಕುರಿಗಳು ಹಟ್ಟಿಯಲ್ಲೇ ನೀರು ಕುಡಿಯಬೇಕು. ನೆಲ ಪರೀಕ್ಷಿಸಲು ಬಂದಿದ್ದ, ತಾಯಿಯನ್ನು ಆಗತಾನೆ ಕಳೆದುಕೊಂಡಿದ್ದ ಉಷಾರಾಣಿಯವರಿಗೆ ಆಕೆ ದಿನಾ ಮುದ್ದೆ ಬಡಿಸಿ, ಉಣ್ಣುವ ತನಕ ಎದುರಿಗೇ ಕೂರುತ್ತಿದ್ದಳು. ಪಾಲಮ್ಮನಿಗಾಗಿಯಾದರೂ ಇಲ್ಲಿ ನೀರು ನಿಲ್ಲಲಿ ಎಂದು ಮೇಡಂ ಮನಸ್ಸಿನಲ್ಲೇ ಹರಕೆ ಹೊತ್ತಿದ್ದರಂತೆ.

ಕೊರೆದ ರಂಧ್ರಕ್ಕೆ ಒತ್ತಡದಲ್ಲಿ ನೀರು ತುಂಬಿಸಿ, ಬಂಡೆ ಎಷ್ಟು ಕುಡಿಯುತ್ತದೆಂದು ನೋಡುವ ಪರೀಕ್ಷೆಯೊಂದಿದೆ. ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದ. ಹಳ್ಳದ ನಡುಮಧ್ಯೆ ಆ ಪರೀಕ್ಷೆ ನಡೆಯುತ್ತಿದ್ದ ದಿನ ಟ್ಯಾಂಕರ್ ಬರಲಿಲ್ಲ, ಡ್ರಮ್ಮು ತಳ ಕಂಡಿತು. ಪಾಲಮ್ಮ ಮಗಳನ್ನು ಕೂಗಿದಳು: “ಲೇ ಚಿತ್ತಮ್ಮ, ಮನ್ಯಾಗಿರೋ ಕೊಡ ಎಲ್ಲಾ ಎತ್ಕಂಡ್ ಬಾರೇ!” ವಾರಕ್ಕೊಮ್ಮೆ ಬರುವ ನೀರನ್ನು ಕಾಪಿಟ್ಟುಕೊಂಡಿದ್ದ ಹೆಂಗಸರೆಲ್ಲ ಕೊಡ ಹೊತ್ತು ಸಾಲುಗಟ್ಟಿದರು. ಸುರಿದರು. ಒತ್ತಡ ತೋರಿಸುವ ಮುಳ್ಳು ಏಳಲೇ ಇಲ್ಲ. ಅಡಿಯ ಬಂಡೆ ನುಚ್ಚುನೂರಾಗಿತ್ತು, ಹೋದ ನೀರು ಹೋದದ್ದೇ. ಉಷಾರಾಣಿಯವರಿಗೆ ಎಲ್ಲವೂ ತಿಳಿದುಹೋಯಿತು.

“ಸಾಕು ಬಿಡ್ರಿ ಪಾಲಮ್ಮ, ಇನ್ನು ಬ್ಯಾಡ” ಎಂದರು.

“ಸಂಕೋಚ ಮಾಡ್ಕಬ್ಯಾಡ ಮಗಳೇ. ನಾಳೆ ಕಟ್ಟೆ ಆದ್ರೆ ನಮಗೆ ನೀರಿಗೇನು ಬರ?” ಎಂದು ನಗುತ್ತ ಆಕೆ ಇನ್ನೆರಡು ಕೊಡ ಸುರಿದಳು.

ಬೇರೆ ರಂಧ್ರಗಳೂ ಅದನ್ನೇ ಹೇಳಿದವು. ಸಿಮೆಂಟು ತುಂಬಿ ಬಿರುಕು ಮುಚ್ಚುವುದಾದರೆ ಕಟ್ಟೆಗಿಂತ ಅದೇ ದೊಡ್ಡ ಕೆಲಸ. ಸೋರಿಕೆ ಸ್ವಲ್ಪ ಎಂದು ಬರೆದು ಕೈತೊಳೆದುಕೊಳ್ಳಿ ಎಂದವರುಂಟು. ಕಟ್ಟಿಸಿ, ಒಣಗಿದ ಕಟ್ಟೆಯನ್ನು ಪಾಲಮ್ಮನಿಗೆ ತೋರಿಸುವ ಮನಸ್ಸು ಮೇಡಂಗಾಗಲಿಲ್ಲ. ವರದಿ ಹೋಗುವ ಮೊದಲೇ ಹಟ್ಟಿಗೆ ಹೋಗಿ, ನೆಲದ ಮೇಲೆ ಕೂತು, ಇಲ್ಲಿ ನೀರು ನಿಲ್ಲುವುದಿಲ್ಲ ಎಂದರು. ಪಾಲಮ್ಮ, “ನಮ್ಮ ಕೊಡದ ನೀರು ಸುರುಸ್ಕಂಡು ನಮಗೇ ಇಲ್ಲ ಅಂದ್ಯಲ್ಲವ್ವ” ಎಂದು ಎದ್ದು ಒಳಗೆ ಹೋದಳು.

ಆಮೇಲೆ ಆಕೆ ಅವರೊಡನೆ ಮಾತಾಡಲಿಲ್ಲ. ಮೇಡಂ ಮಾತ್ರ ಹಟ್ಟಿ ಬಿಡಲಿಲ್ಲ. ಅಲ್ಲಿದ್ದ ಕೊಳವೆಬಾವಿಯ ಪಕ್ಕ ಮಳೆನೀರು ಇಂಗಿಸುವ ಗುಂಡಿ ಮಾಡಿಸಿದರು. ಒಂದೆರಡು ಮಳೆಗಾಲ ಆಸೆ ತೋರಿಸಿ ಆ ಬಾವಿಯೂ ಬತ್ತಿತು. ಮತ್ತೋಡಿನ ಕಡೆ ಅವರು ಆರಿಸಿಕೊಟ್ಟ ಜಾಗದಲ್ಲಿ ಕಟ್ಟೆಯೆದ್ದು ನೀರು ತುಂಬಿದಾಗ ನಾವೆಲ್ಲ ಸಿಹಿ ಹಂಚಿದೆವು. ಅವರ ಪಾಲಿನ ಪೇಡೆ ಮೇಜಿನ ಮೇಲೇ ಉಳಿಯಿತು.

ಕಳೆದ ಮಾಘದಲ್ಲಿ ಪಾಲಮ್ಮ ತೀರಿಕೊಂಡಳು. ಸುದ್ದಿ ಯಾರೂ ಹೇಳಿಕಳಿಸಿರಲಿಲ್ಲ. ಧರ್ಮಪುರದ ಬಸ್ಸಿನಲ್ಲಿ ಬಂದವರಿಂದ ಕೇಳಿ ಮೇಡಂ ಮಣ್ಣಿಗೆ ಹೋದರು. ಖಲೀಲುಲ್ಲಾ ಸಾಹೇಬರೂ ಜೊತೆಗಿದ್ದರು. ಹಿಡಿ ಮಣ್ಣು ಹಾಕುವ ಸರದಿ ಬಂದಾಗ, ಮೂವತ್ತು ವರ್ಷದ ಅಭ್ಯಾಸ ನೋಡಿ, ಮೇಡಂ ಕೈಯಲ್ಲಿದ್ದ ಮಣ್ಣನ್ನು ಬೆರಳಲ್ಲಿ ಉಜ್ಜತೊಡಗಿದರು. ಹಟ್ಟಿಯೇ ಅವರನ್ನು ನೋಡುತ್ತಿತ್ತು. ಗುಂಡಿಯ ಆಚೆ ನಿಂತಿದ್ದ ಚಿತ್ತಮ್ಮ ಕೇಳಿದಳು:

“ನೀರಂತೂ ಹಿಡೀಲಿಲ್ಲ. ನಮ್ಮವ್ವನ್ನಾದ್ರೂ ಹಿಡ್ಕಂತೈತೇನು ಈ ಮಣ್ಣು, ನೋಡಿ ಹೇಳವ್ವ.”

ಅದು ಚುಚ್ಚುಮಾತೋ ಸಂಕಟವೋ, ಸಾಹೇಬರಿಗೆ ತಿಳಿಯಲಿಲ್ಲವಂತೆ. ಮೇಡಂ ಬೆರಳು ನಿಲ್ಲಿಸಿದರು.

“ಹಿಡ್ಕಂತೈತೆ ಚಿತ್ತಮ್ಮ” ಎಂದು ಮಣ್ಣು ಹಾಕಿದರು.

ತಮ್ಮ ಸೇವೆಯಲ್ಲಿ ಪರೀಕ್ಷೆ ಮಾಡದೆ ಅವರು ಹೇಳಿದ ಮಾತು ಅದೊಂದೇ. ಶ್ರೀಮತಿ ಉಷಾರಾಣಿಯವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಲಭಿಸಲಿ. ಅವರ ಜ್ಞಾನ ಇನ್ನೂ ಎಷ್ಟೋ ಊರುಗಳಿಗೆ ನೀರು ತೋರಲಿ. ಮುಂದಿನ ಸಲ ಅವರು ಹಾಲುಗುಡ್ಡದ ಹಟ್ಟಿಗೆ ಹೋದಾಗ ಚಿತ್ತಮ್ಮ ಅವರನ್ನು ಒಳಗೆ ಕರೆಯಲಿ.