ಹೋಳಿಗೆ ಉಣ್ಣಿಸಿ ಆಡಿಸಿದ ಮೇಷ್ಟ್ರು

ನಗದೆ ಸೀಟಿ ಊದುವುದು ನಮ್ಮ ರುದ್ರಪ್ಪ ಮೇಷ್ಟ್ರ ಕೈಲಿ ಆಗುತ್ತಿರಲಿಲ್ಲ. ಸೀಟಿ ಬಾಯಿಗಿಟ್ಟರು, ನಾವು ಹನ್ನೊಂದು ಜನ ಒಂದೇ ಚೆಂಡಿನ ಹಿಂದೆ ಹಿಂಡುಗಟ್ಟಿ ಓಡುವುದು ಕಂಡರು, ಮುಗಿಯಿತು. ಅರ್ಧ ಊದು, ಅರ್ಧ ನಗು. ಕೊನೆಗೆ ಸೀಟಿ ಜೇಬಿಗೆ ಹಾಕಿ, "ಲೇ, ಹೆಣ್ಣು ನೋಡಾಕೆ ಹೊಂಟೀರೇನ್ರೋ ಎಲ್ಲಾರೂ ಒಟ್ಟಿಗೆ? ಹರಡ್ಕಳ್ರೋ!" ಎಂದು ಕೂಗುತ್ತಿದ್ದರು.

ಅದು ಯುದ್ಧದ ಕಾಲ. ಹೊನ್ನಾಳಿಯ ನಮ್ಮ ಹೈಸ್ಕೂಲಿಗೆ ಅವರು ಹೊಸದಾಗಿ ಡ್ರಿಲ್ ಮೇಷ್ಟ್ರಾಗಿ ಬಂದಿದ್ದರು. ಫುಟ್ಬಾಲ್ ತಂಡವೂ ಅವರ ಕೊರಳಿಗೇ ಬಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹೆಡ್ಮಾಸ್ಟರು ಮೊದಲ ದಿನವೇ ಎಲ್ಲರೆದುರು, "ಈ ವರ್ಷ ಒಂದಾದ್ರೂ ಮ್ಯಾಚು ಗೆಲ್ಲಿಸಿ ತೋರಿಸ್ರಿ. ಇಲ್ದಿದ್ರೆ ಮುಂದಿನ ವರ್ಷಕ್ಕೆ ಬೇರೆಯವರನ್ನ ನೋಡ್ಕೋತೀವಿ" ಎಂದುಬಿಟ್ಟರು. ಮೇಷ್ಟ್ರು ಸೆಲ್ಯೂಟ್ ಹೊಡೆದು, ನಮ್ಮ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಅವತ್ತಿನಿಂದಲೇ ನಮಗೆ ಅವರೆಂದರೆ ಜೀವ.

ಮೊದಲ ಮ್ಯಾಚು ಚನ್ನಗಿರಿಯಲ್ಲಿ. ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸನ್ನು ಏರು ಬಂದಲ್ಲೆಲ್ಲ ತಳ್ಳಿಕೊಂಡು ಹೋಗಿದ್ದೆವು, ಹೊಟ್ಟೆ ಚುರುಗುಟ್ಟುತ್ತಿತ್ತು. ಅಲ್ಲಿಯವರು ಎಲೆ ಹಾಕಿ ಹೋಳಿಗೆ ಬಡಿಸಿದರು. "ಇನ್ನೊಂದು ಹಾಕಿಸ್ಕಳ್ರಿ, ದೂರದಿಂದ ಬಂದೀರಿ" ಎಂದು ತುಪ್ಪದ ಗಿಂಡಿ ಹಿಡಿದು ನಿಂತರೆ ಬೇಡ ಅನ್ನುವುದು ಹೇಗೆ? ನಾನು ಏಳು ತಿಂದೆ. ಐದು ಗೋಲಿನಿಂದ ಸೋತೆವು. ನ್ಯಾಮತಿಯಲ್ಲಿ ಉಪವಾಸವಿದ್ದು ಆಡಿದೆವು. ಅಲ್ಲೂ ಸೋತೆವು, ಅದು ಬೇರೆ ಮಾತು. ಇನ್ನು ಉಳಿದದ್ದು ಜಗಳೂರಿನವರ ಜೊತೆ ಒಂದೇ ಮ್ಯಾಚು, ನಮ್ಮೂರಲ್ಲೇ.

ಹಿಂದಿನ ದಿನ ಮೇಷ್ಟ್ರು ನಮ್ಮನ್ನು ಸುತ್ತ ಕೂರಿಸಿಕೊಂಡರು. "ಉಪಾಯ ಐತ್ರೋ. ನಾಳೆ ಜಗಳೂರಿನವ್ರಿಗೆ ನಮ್ಮನೇಲಿ ಹೋಳಿಗೆ ಊಟ. ಬ್ಯಾಡ ಬ್ಯಾಡ ಅಂದ್ರೂ ಬಡಿಸ್ರಿ. ನೀವು ಮಾತ್ರ ಒಂದು ತುಣುಕೂ ಮುಟ್ಟಂಗಿಲ್ಲ, ಹುಷಾರ್!"

ಅವರ ಹೆಂಡತಿ ಗೌರಕ್ಕ ಬೆಳಗಿನಿಂದ ಒಲೆ ಮುಂದೆ ಬೆಂದರು. ಜಗಳೂರಿನ ಹುಡುಗರು ಬಂದರು, ಕೂತರು, ಎಲೆ ತುಂಬಿತು. ಆದರೆ ಒಬ್ಬನೂ ಕೈಯಿಡಲಿಲ್ಲ! "ನೀವೂ ಕೂತ್ಕಳ್ರಿ. ನೀವು ಉಣ್ಣದೆ ನಾವು ಹೆಂಗೆ ಉಣ್ಣಾಕೆ ಆಗುತ್ತೆ?" ಎಂದ ಅವರ ಕ್ಯಾಪ್ಟನ್. ಮೇಷ್ಟ್ರ ಮುಖ ನೋಡಬೇಕಿತ್ತು! ಉಪಾಯದ ಗಂಧಗಾಳಿ ಇಲ್ಲದ ಗೌರಕ್ಕ, "ಹೌದಲ್ಲ, ಪಾಪ, ಕೂತ್ಕಳ್ರೋ" ಎಂದು ನಮಗೂ ಹನ್ನೊಂದು ಎಲೆ ಹಾಕಿದರು. ಆಮೇಲೆ ಜಗಳೂರಿನವರು "ಇವ್ರಿಗೆರಡು ಹಾಕ್ರಿ" ಅನ್ನುವುದು, ನಾವು "ಅವ್ರಿಗೆ ಮೂರು ಹಾಕ್ರಿ" ಅನ್ನುವುದು. ನಮ್ಮ ಮಾನದ ಪ್ರಶ್ನೆ, ಸೋಲಲಿಲ್ಲ.

ಆ ಮ್ಯಾಚನ್ನು ಏನೆಂದು ವರ್ಣಿಸಲಿ! ಚೆಂಡು ಪಕ್ಕದಲ್ಲೇ ಉರುಳಿ ಹೋದರೂ "ನೀನೇ ಹೋಗಪ್ಪ" ಅನ್ನುವಂತೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಇಪ್ಪತ್ತೆರಡು ಜನರ ತೇಗು ಗೆರೆಯಾಚೆಗೂ ಕೇಳುತ್ತಿತ್ತು. ಮೇಷ್ಟ್ರು ಬಿದ್ದು ಬಿದ್ದು ನಗುತ್ತಿದ್ದರು, ನಡುನಡುವೆ ಗಡಿಯಾರ ನೋಡಿ ಬೆವರು ಒರೆಸಿಕೊಳ್ಳುತ್ತಿದ್ದರು.

ಇನ್ನೇನು ಮುಗಿಯಬೇಕು, ಚೆಂಡು ನನ್ನ ಕಾಲಿಗೆ ಬಂತು. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಅವನು "ಅಯ್ಯಪ್ಪಾ" ಎಂದು ಹೊಟ್ಟೆ ಹಿಡಿದುಕೊಂಡು ಧೊಪ್ಪನೆ ಉರುಳಿಬಿಟ್ಟ. ಖಾಲಿ ಗೋಲು! ಕಾಲೆತ್ತಿದೆ.

"ತಡಿಯೋ! ಒದೀಬ್ಯಾಡ!"

ಮೇಷ್ಟ್ರು ಗೆರೆ ದಾಟಿ ಓಡಿಬಂದರು. ನಾನು ನಿಂತುಬಿಟ್ಟೆ. ಅವರು ಆ ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಟ್ಟೆ ನೀವತೊಡಗಿದರು. "ನಮ್ಮನೇಲಿ ಉಂಡ ಹುಡ್ಗ ಕಣೋ. ನಾನೇ ಒತ್ತಾಯ ಮಾಡಿ ಹಾಕ್ಸಿದ್ದು. ಯಾರಾದ್ರೂ ಓಮಿನ ನೀರು ತರ್ರೋ!" ಅಷ್ಟರಲ್ಲಿ ಹೊತ್ತು ಮುಗಿಯಿತು. ಸೊನ್ನೆಗೆ ಸೊನ್ನೆ.

ಹೆಡ್ಮಾಸ್ಟರು ಹೇಳಿದಂತೆಯೇ ಮಾಡಿದರು. ಬೇಸಿಗೆ ರಜೆಗೆ ಮುಂಚೆ ಮೇಷ್ಟ್ರ ಟ್ರಂಕು ಬಸ್ಸಿನ ಮೇಲೇರಿತು. ನಾನು ಗೊಳೋ ಎಂದು ಅಳುತ್ತ, "ಸಾರ್, ಅವತ್ತು ನಾನು ಒದ್ದುಬಿಡಬೇಕಿತ್ತು" ಎಂದೆ.

"ಒದ್ದಿದ್ರೆ ನಾನು ಇಲ್ಲೇ ಇರ್ತಿದ್ದೆ, ಖರೆ" ಎಂದು ಒಪ್ಪಿಕೊಂಡು ನನ್ನ ಬೆನ್ನಿಗೊಂದು ಗುದ್ದಿದರು. "ಆದ್ರೂ ನಾನು ಕೂಗಿದ ತಕ್ಷಣ ನಿಂತ್ಯಲ್ಲೋ, ಕತ್ತೆ! ವರ್ಷವೆಲ್ಲ ಗಂಟ್ಲು ಹರ್ಕಂಡ್ರೂ ಕೇಳದಿದ್ದೋನು, ಅದೊಂದ್ಸಲ ನನ್ನ ಮಾತು ಕೇಳಿದೀಯ!"

ಹೇಳುತ್ತಲೇ ನಗು ಉಕ್ಕಿ ಬಸ್ಸಿನ ಮೆಟ್ಟಿಲ ಮೇಲೇ ನಿಂತುಬಿಟ್ಟರು. ಕಂಡಕ್ಟರು ಕೈಹಿಡಿದು ಒಳಗೆ ಎಳೆದುಕೊಂಡ. ಮತ್ತೆ ನಾನು ಅವರನ್ನು ನೋಡಲಿಲ್ಲ.