ಹಳೆಯ ವಿಳಾಸ ಬಂದ್ ಮಾಡಿದ ದಿನ

ಅದು ೨೦೧೭ರ ಮಳೆಗಾಲ. ಚಿಕ್ಕೋಡಿ ಸುತ್ತಲಿನ ಊರುಗಳಲ್ಲಿ ಸಾರ್ವಜನಿಕ ವೈಫೈ ನೋಡಿಕೊಳ್ಳುವ ಗುತ್ತಿಗೆ ಕೆಲಸ ನನ್ನದು. ಅಂತರ್ಜಾಲದಲ್ಲಿ ಪ್ರತಿ ಯಂತ್ರಕ್ಕೂ ತಾಣಕ್ಕೂ ಕೊಡುವ ಅಂಕಿಯ ವಿಳಾಸಗಳಲ್ಲಿ ಹಳೆಯ ಬಗೆಯವು ತೀರುತ್ತ ಬಂದಿದ್ದರಿಂದ ಎಲ್ಲವನ್ನೂ ಹೊಸ ಬಗೆಗೆ ಬದಲಿಸುತ್ತಿದ್ದೆವು. ಕೆಲವು ತಿಂಗಳು ಎರಡೂ ಜೊತೆಗೇ ನಡೆಯಲಿ ಎಂದು ಮೇಲಿನವರು ಹೇಳಿದ್ದರು. ನಾನೋ ಮಹಾ ಅವಸರದವನು.

ಅಂಕಲಿಯ ಗ್ರಂಥಾಲಯದಲ್ಲಿ ಬೆಳಿಗ್ಗೆ ಹೊಸದನ್ನು ಜೋಡಿಸಿ, ನಾನು ದಿನಾ ನೋಡುವ ನಾಲ್ಕು ಜಾಲತಾಣ ಅದರಲ್ಲೇ ತೆರೆದು ನೋಡಿದೆ. ಎಲ್ಲ ಬಂದವು. ಹಳೆಯದನ್ನು ಬಂದ್ ಮಾಡಿ ಶೇಡಬಾಳಕ್ಕೆ ಹೊರಟೆ. ಹಳೆಯ ವಿಳಾಸದಲ್ಲೇ ಉಳಿದ ತಾಣಗಳು ಇನ್ನು ಅಲ್ಲಿ ತೆರೆಯುವುದಿಲ್ಲ ಎಂದು ಗೊತ್ತಿತ್ತು. ಅಂಥವು ಯಾರಿಗೆ ಬೇಕು ಅಂದುಕೊಂಡೆ.

ಸಂಜೆ ಐದೂವರೆಗೆ ಮರಳಿದಾಗ ಗ್ರಂಥಾಲಯದ ಕಟ್ಟೆಯ ಮೇಲೆ ಸುಜಾತಾ ಎಂಬ ಹುಡುಗಿ ಕೂತಿದ್ದಳು. ಜೊತೆಗೆ ಕಬ್ಬಿನ ಹೊಲದ ಕೂಲಿಯಿಂದ ನೇರ ಬಂದಿದ್ದ ಅಪ್ಪ. ನರ್ಸಿಂಗ್ ಕಾಲೇಜಿನ ಅರ್ಜಿಗೆ ಅಂದು ಐದು ಗಂಟೆಯೇ ಕಡೆ. ಆಕೆ ಮಧ್ಯಾಹ್ನ ಬಂದಾಗಿನಿಂದ ಗ್ರಂಥಾಲಯದ ವೈಫೈಯಲ್ಲಿ ಕಾಲೇಜಿನ ತಾಣ ತೆರೆದೇ ಇರಲಿಲ್ಲ. "ಕಡೀ ದಿನ ಐತಿ, ಸರ್ವರ್ ಬಿಝಿ ಇರತೈತಿ, ತಡಿ" ಎಂದು ಬಂದವರೆಲ್ಲ ಹೇಳಿದ್ದರಂತೆ. ಕಡೆಯ ದಿನ ಹಾಗಾಗುವುದು ನಮ್ಮಲ್ಲಿ ಮಾಮೂಲು. ಆಕೆಯೂ ನಂಬಿ ಕಾದಿದ್ದಳು.

ವೈಫೈ ಬಿಟ್ಟು ನನ್ನ ಮೊಬೈಲಿನ ಸ್ವಂತ ಡೇಟಾದಲ್ಲಿ ಆ ತಾಣ ಒತ್ತಿದೆ. ಥಟ್ಟನೆ ತೆರೆಯಿತು. ಅವಧಿ ಮುಗಿದಿದೆ ಎಂದಿತ್ತು. ತಾಣ ಹಳೆಯ ವಿಳಾಸದಲ್ಲೇ ಉಳಿದದ್ದು; ಆಕೆಯನ್ನು ತಡೆದದ್ದು ಸರ್ವರ್ ಅಲ್ಲ, ಬೆಳಿಗ್ಗೆ ನಾನು ಮಾಡಿದ ಕೆಲಸ.

"ಚಿಕ್ಕೋಡಿಗಾದ್ರೂ ಹೋಗಬೇಕಿತ್ರಿ. ಇಲ್ಲೇ ಕುಂತ್ನಿ. ತಪ್ಪು ನಂದ ಐತ್ರಿ" ಅಂದಳು ಸುಜಾತಾ.

ಮುಂದಿನ ವರ್ಷ ನೋಡಿದರಾಯಿತು ಎಂದು ಏನೋ ಒದರಿ ಬೈಕ್ ಹತ್ತಿದೆ. ಎರಡು ಕಿಲೋಮೀಟರ್ ಹೋಗಿದ್ದೇನೋ, ಮುಂದೆ ಹೋಗಲಾಗಲಿಲ್ಲ. ತಿರುಗಿ ಬಂದು, ಮನೆಯ ದಾರಿ ಹಿಡಿದಿದ್ದ ಅವರನ್ನು ಹುಡುಕಿದೆ. ಹಿಂದೆ ನಡೆಯುತ್ತಿದ್ದ ಅಪ್ಪನಿಗೆ ಎಲ್ಲ ಹೇಳಿ, ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ.

ಅವರು ಬೈಯಲಿಲ್ಲ. "ನನಗ್ಯಾಕ ಹೇಳ್ತೀರಿ ಸಾಹೇಬ್ರ? ಆಕಿಗೆ ಹೇಳ್ರಿ. ತನ್ನ ತಾನ ಬೈಕೋತ ಹೊಂಟಾಳ" ಅಂದರು.

ಹೇಳಿದೆ. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದವಳು ರಸ್ತೆಯ ಬದಿಗೆ ಕೂತು ಅತ್ತಳು. ಅಪ್ಪ ಪಕ್ಕದಲ್ಲಿ ಕೂತು ಆಕೆಯ ಬೆನ್ನು ಸವರುತ್ತಿದ್ದರು.

ಮರುದಿನ ಬೆಳಿಗ್ಗೆಯೇ ಹಳೆಯದನ್ನು ಮತ್ತೆ ಚಾಲೂ ಮಾಡಿದೆ. ಸುಜಾತಾ ಮರುವರ್ಷ ಕಾಲೇಜು ಸೇರಿದಳೆಂದು ಕೇಳಿದೆ. ಆಕೆಯ ಒಂದು ವರ್ಷ ನನ್ನಿಂದ ಹೋಯಿತು, ಆ ಸಂಕಟ ಇದ್ದೇ ಇದೆ. ಆದರೆ ಆಕೆ ತಪ್ಪು ತನ್ನದೆಂದಾಗ ನಾನು ಹೂಂ ಅನ್ನುವವನಂತೆ ಸುಮ್ಮನೆ ಬೈಕ್ ಹತ್ತಿದೆನಲ್ಲ, ಅದು ನೆನಪಾದರೆ ಇಂದಿಗೂ ನಾಚಿಕೆಯಾಗುತ್ತದೆ.